ಚುಕ್ಕಿ ಇಟ್ಟ ಪೂಕಳಂ

ಹೋದ ವಾರ ಓಣಂ ಪೂಕಳಂ (ಹೂವಿನ ರಂಗೋಲಿ) ಸ್ಪರ್ಧೆಗೆ ನಮ್ಮ ಬ್ಯಾಂಕಿನಲ್ಲಿ ನನಗೆ ಕೊಟ್ಟ ಕೆಲಸ ಏನು ಗೊತ್ತೇ? ಚೆಂಡು ಹೂವಿನ ಎಸಳು ಬಿಡಿಸುವುದು.

“ಚೇಚಿಗೆ ಕೈ ನೋವು, ಪಾವಂ. ಈಸಿ ವರ್ಕ್ ಕೊಡಿ” ಎಂದವಳು ಪಕ್ಕದ ಕೌಂಟರಿನ ಸಿಂಧು. (ಚೇಚಿ ಎಂದರೆ ಅಕ್ಕ, ಪಾವಂ ಎಂದರೆ ನಮ್ಮ ‘ಪಾಪ’.) ಬಂಗಾರದಂಥ ಹುಡುಗಿ, ಬೈಯುವುದಕ್ಕೂ ಮನಸ್ಸು ಬರುವುದಿಲ್ಲ.

ಈಸಿಯಂತೆ! ರುಮಟಾಯ್ಡ್ ಆರ್ಥ್ರೈಟಿಸ್ ಇರುವವಳಿಗೆ ಹೆಬ್ಬೆರಳು, ತೋರುಬೆರಳು ಸೇರಿಸಿ ಕೀಳುವುದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ?

ಕೊಚ್ಚಿಯ ಕಲೂರಿನಲ್ಲಿ ಕೆಲಸ ಮಾಡುತ್ತಿದ್ದಾಗ ಶುರುವಾದ ಕಾಯಿಲೆ ಇದು. ಈಗ ತಿರುವನಂತಪುರಕ್ಕೂ ನನ್ನ ಜೊತೆಯೇ ಟ್ರಾನ್ಸ್‌ಫರ್ ತಗೊಂಡು ಬಂದಿದೆ. ಬೆಳಗ್ಗೆ ಒಂದು ಗಂಟೆ ಬೆರಳು ಮಡಚುವುದಿಲ್ಲ. ಪೇಸ್ಟಿನ ಮುಚ್ಚಳ ತೆಗೆಯಲೂ ಗಂಡನನ್ನು ಎಬ್ಬಿಸಬೇಕು. ಅದನ್ನೆಲ್ಲ ಹೇಗೋ ಸಹಿಸಿಕೊಂಡೆ. ಸಹಿಸಲಾಗದ್ದು ಒಂದೇ, ನನ್ನ ರಂಗೋಲಿ ಹೋಯಿತು.

ಮೈಸೂರಿನ ನಮ್ಮ ಬೀದಿಯಲ್ಲಿ ನನ್ನ ರಂಗೋಲಿ ನೋಡಲು ಜನ ಸೈಕಲ್ ಇಳಿಯುತ್ತಿದ್ದರು. (ಸ್ವಲ್ಪ ಉಪ್ಪು ಖಾರ ಹಚ್ಚಿದ್ದೇನೆ, ಕ್ಷಮಿಸಿ.) ಪುಡಿ ಬಿಡಲು ಆ ಎರಡು ಬೆರಳೇ ಬೇಕಲ್ಲ? ಈ ಯುಗಾದಿಗೆ ಹೊಸ್ತಿಲಿಗೆ ರಂಗೋಲಿ ಸ್ಟಿಕರ್ ಅಂಟಿಸಿದೆ. ಅಂಟಿಸಿ, ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಸರಿ, ಹತ್ತು ಹೂ ಬಿಡಿಸುವಷ್ಟರಲ್ಲಿ ನೋವು ಮೊಣಕೈವರೆಗೆ ಏರಿತು. ನನಗೂ ರೇಗಿತು. ಬುಟ್ಟಿ ತಳ್ಳಿ, “ಸಿಂಧು, ಆ ಸೀಮೆಸುಣ್ಣ ಇಲ್ಲಿ ಕೊಡು. ನಾನೇ ಬರೀತೀನಿ” ಎಂದೆ.

ಮಗು ಹಿಡಿಯುವ ಹಾಗೆ ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಹಿಡಿದು, ಮೋಟು ಸ್ಟೂಲ್ ಮೇಲೆ ಕೂತೆ. ಬೆರಳಿಗೆ ಕೆಲಸವಿಲ್ಲ, ಭುಜದಿಂದಲೇ ಕೈ ಓಡಬೇಕು. ಕೈ ಓಡಿತು! ಓಡಿ ಏನು ಮಾಡಿತು? ಸಾಲಾಗಿ ಚುಕ್ಕಿ ಇಟ್ಟಿತು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಇಲ್ಲಿ ಪೂಕಳಕ್ಕೆ ದಾರ ಕಟ್ಟಿ, ನಡುವಿನಿಂದ ಒಂದರ ಸುತ್ತ ಒಂದು ವೃತ್ತ ಎಳೆಯುತ್ತಾರೆ. ಚುಕ್ಕಿ ಯಾರು ಇಡುತ್ತಾರೆ?

“ಇದೆಂತಾ ಚೇಚೀ, ಗ್ರಾಫ್ ಪೇಪರೋ?” ಎಂದಳು ಸಿಂಧು.

“ನಮ್ಮೂರಲ್ಲಿ ಚುಕ್ಕಿ ಇಡದೆ ಗೆರೆ ಎಳೆಯಲ್ಲ ಕಣೇ. ಅಳಿಸಬೇಡ, ನೋಡ್ತಿರು” ಎಂದೆ, ನನ್ನ ಹರುಕು ಮುರುಕು ಮಲಯಾಳದಲ್ಲಿ.

ಗೆರೆ ನಡುಗಿತು. ನಡುಗಲಿ ಬಿಡಿ, ಮೇಲೆ ಹೂ ಬೀಳುತ್ತದಲ್ಲ! ಎಸಳನ್ನು ಚಿಟಿಕೆ ಹಿಡಿಯಬೇಕಾಗಿಯೂ ಇಲ್ಲ, ಬೊಗಸೆಯಲ್ಲಿ ಸುರಿದರಾಯಿತು. ಹಳದಿ ಸುರಿದೆ, ಕೇಸರಿ ಸುರಿದೆ. ಸಿಂಧು ನಗು ನಿಲ್ಲಿಸಿ ನೇರಳೆ ಬಣ್ಣದ ವಾಡಾಮಲ್ಲಿ ಹೂ ತಂದುಕೊಟ್ಟಳು. ಒಂದೂವರೆ ಗಂಟೆ ನನಗೆ ಕಾಯಿಲೆ ಇದೆ ಎಂಬುದೇ ಮರೆತುಹೋಗಿತ್ತು. ಅಷ್ಟು ಖುಷಿಯಾಗಿ ಎಷ್ಟು ವರ್ಷವಾಗಿತ್ತೋ!

ಬಹುಮಾನ? ಬರಲಿಲ್ಲ. “ಚೆನ್ನಾಗಿದೆ. ಆದರೆ ಇದು ಪೂಕಳಂ ಹೌದಾ?” ಎಂದು ತೀರ್ಪುಗಾರರು ತಲೆ ಕೆರೆದುಕೊಂಡರು.

ಮರುದಿನ ಎರಡೂ ಕೈ ಪೂರಿಯಂತೆ ಊದಿದ್ದವು. ಬಾಹ್ಯಾಕಾಶ ವಿಜ್ಞಾನಿಯಾದ ನನ್ನ ಗಂಡ (ರಾಕೆಟ್ ಹೇಳಿದ ಮಾತು ಕೇಳುತ್ತದಂತೆ, ನಾನು ಕೇಳುವುದಿಲ್ಲವಂತೆ) ಸಿಡುಕಿದರು. “ಬೇಕಿತ್ತಾ ಇದು? ಸುಮ್ನೆ ಕೂರಕ್ಕಾಗಲ್ವಾ ನಿಂಗೆ?”

“ಇಷ್ಟು ವರ್ಷ ಸುಮ್ನೆ ಕೂತೆನಲ್ಲ ರೀ, ನೋವು ಹೋಯ್ತಾ?” ಎಂದೆ. ಪಾಪ, ತಾವೇ ಬಿಸಿನೀರು ತಂದಿಟ್ಟರು.

ಕಾಯಿಲೆಯವರ ಮೇಲೆ ಕರುಣೆ ಬಂದಾಗ ನಾವು ಮೊದಲು ಕಿತ್ತುಕೊಳ್ಳುವುದು ಅವರ ಪ್ರೀತಿಯ ಕೆಲಸವನ್ನೇ. ಹೇಗೆ ಮಾಡಿದರೆ ಆದೀತು ಎಂದು ಅವರನ್ನೇ ಒಮ್ಮೆ ಕೇಳಬಾರದೇ? ನನ್ನನ್ನು ಯಾರೂ ಕೇಳಲಿಲ್ಲ ನಿಜ. ಆದರೆ ನಾನಾದರೂ ಎಲ್ಲಿ ಕೇಳಿಕೊಂಡಿದ್ದೆ?

ಮೊನ್ನೆ ಉಳ್ಳೂರಿನ ನನ್ನ ಡಾಕ್ಟರು ಊದಿದ ಬೆರಳುಗಳನ್ನು ಒತ್ತಿ ನೋಡಿ ಗಂಭೀರವಾಗಿ ಕೇಳಿದರು, “ನೋವು ಹತ್ತಕ್ಕೆ ಎಷ್ಟು?”

“ಎಂಟು, ಡಾಕ್ಟರೇ. ಮುಂದಿನ ಓಣಂಗೂ ಹೆಸರು ಕೊಟ್ಟಾಗಿದೆ.”