ಹಡಗಲಿಯಿಂದ ತಂದ ರೈಫಲ್

ಸೈನ್ಯದಲ್ಲಿ ಹದಿನೇಳು ವರ್ಷ ಬಂದೂಕು ರಿಪೇರಿ ಮಾಡಿ, ತೊಂಬತ್ತರ ದಶಕದ ನಡುವೆ ಪಿಂಚಣಿ ಪಡೆದು ಹರಪನಹಳ್ಳಿಗೆ ಬಂದೆ. ಲೈಸೆನ್ಸ್ ಮಾಡಿಸಿ ಬಸ್ ನಿಲ್ದಾಣದ ಹಿಂದೆ ಒಂದು ಸಣ್ಣ ರಿಪೇರಿ ಅಂಗಡಿ ಇಟ್ಟೆ. ಬೆಳೆ ಕಾಯಲು ಒಂಟಿ ನಳಿಗೆಯ ಬಂದೂಕು ಇಟ್ಟುಕೊಂಡ ರೈತರು ಕೂಡ್ಲಿಗಿ, ಕೊಟ್ಟೂರಿನಿಂದಲೂ ಬರುತ್ತಿದ್ದರು. ಚುನಾವಣೆ ಬಂತೆಂದರೆ ಎಲ್ಲರ ಬಂದೂಕುಗಳೂ ಠಾಣೆಗೆ ಹೋಗಿ ಕೂತು, ತುಕ್ಕು ಹಿಡಿದು ವಾಪಸಾಗುತ್ತಿದ್ದವು. ಆಮೇಲೆ ಎರಡು ತಿಂಗಳು ನನಗೆ ಕೈತುಂಬ ಕೆಲಸ.

ಅರಸೀಕೆರೆ ಕಡೆಯ ಒಬ್ಬ ಸಾಹುಕಾರರು ನನ್ನ ಅಂಗಡಿಗೆ ಬಂದದ್ದು ಒಂದು ಸಂತೆಯ ದಿನ. ಶೇಂಗಾ ವ್ಯಾಪಾರದ ಮನೆತನ, ಗುಡ್ಡದ ಬುಡಕ್ಕೆ ದೊಡ್ಡ ಹೊಲ. ಆರೇಳು ತಿಂಗಳ ಹಿಂದೆ ಅದೇ ಹೊಲದಲ್ಲಿ ಅವರ ತಮ್ಮನ ಮೇಲೆ ಕರಡಿ ಬಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಜೀವ ಉಳಿದಿತ್ತು, ಮುಖ ಉಳಿದಿರಲಿಲ್ಲ.

"ಹಡಗಲಿಯೊಳಗ ಒಂದು ರೈಫಲ್ ಮಾರಾಕ ಐತಂತ," ಅಂದರು. "ಫಾರಿನ್ನಿಂದು. ದುರ್ಬೀನು ಕುಂದ್ರಿಸ್ಯಾರಂತ. ಟ್ರ್ಯಾಕ್ಟರಿನ ಬೆಲಿ ಹೇಳ್ತಾರ. ನೀವು ನೋಡಿ ಹೂಂ ಅಂದ್ರ ತಗೋತೀನಿ."

"ಯಾತಕ್ಕ ಬೇಕ್ರಿ?" ಎಂದೆ.

"ಹಂದಿಗೆ," ಅಂದರು. ಇಬ್ಬರಿಗೂ ಅದು ಹಂದಿಗಲ್ಲ ಅಂತ ಗೊತ್ತಿತ್ತು. ಕರಡಿ ಹೊಡೆದರೆ ಜೈಲು ಎಂದು ಹೇಳಿದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಮರುದಿನ ಇಬ್ಬರೂ ಹಡಗಲಿಗೆ ಹೋದೆವು. ಬಸ್ಸಿನ ತುಂಬ ಹೂವಿನ ಬುಟ್ಟಿಗಳು. ರೈಫಲ್ ಇದ್ದದ್ದು ಹಳೆಯ ದೊಡ್ಡ ಮನೆಯಲ್ಲಿ. ಯಜಮಾನರು ತೀರಿಕೊಂಡಿದ್ದರು, ಅವರ ಹೆಂಡತಿಗೆ ಅದನ್ನು ಮನೆಯಿಂದ ಸಾಗಹಾಕಿದರೆ ಸಾಕಾಗಿತ್ತು. ಪೆಟ್ಟಿಗೆಯನ್ನು ನನ್ನ ಮುಂದೆ ಸರಿಸಿ, ಅದರ ಕಡೆ ನೋಡದೆ ಒಳಗೆ ಹೋದರು.

ಅಂಥ ರೈಫಲನ್ನು ನಾನು ಸೈನ್ಯದಲ್ಲೂ ಕೈಯಲ್ಲಿ ಹಿಡಿದಿರಲಿಲ್ಲ. ಬೋಲ್ಟ್ ತೆಗೆದು, ಒಳಗೆ ಹೆಬ್ಬೆರಳಿನ ಉಗುರು ಇಟ್ಟು ಬೆಳಕು ಬೀಳಿಸಿ, ನಳಿಗೆಯ ಬಾಯಿಂದ ನೋಡಿದೆ. ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೀರುಗಳು ಹೊಸ ಬಳೆಯ ಹಾಗೆ ಹೊಳೆಯುತ್ತಿದ್ದವು. ಎಲ್ಲೂ ಗುಳಿಯಿಲ್ಲ, ತುಕ್ಕಿಲ್ಲ. ಬೆರಳಿಟ್ಟು ಕುದುರೆ ಎಳೆದರೆ ಗಾಜಿನ ಕಡ್ಡಿ ಮುರಿದಂತೆ ಬಿಡುತ್ತಿತ್ತು. ಸೇಫ್ಟಿ ಹಾಕಿ ಕಟ್ಟಿಗೆಯ ಹಿಡಿಯನ್ನು ನೆಲಕ್ಕೆ ಕುಟ್ಟಿದೆ, ಜಗ್ಗಿದೆ, ಅಲುಗಾಡಿಸಿದೆ. ಏನೂ ಮಿಸುಕಲಿಲ್ಲ. ಆಗಲೇ ನನಗೆ ಅದರ ಮೇಲೆ ಮನಸ್ಸಾಗಿತ್ತು. ಇದು ನಮ್ಮ ಸೀಮೆಯಲ್ಲೇ ಉಳಿದರೆ ಎಣ್ಣೆ ಹಾಕಲು, ಒರೆಸಲು ನನ್ನ ಕೈಗೇ ಬರುತ್ತದೆ ಎಂದುಕೊಂಡೆ. ಈ ಮಾತನ್ನು ಮುಚ್ಚಿಟ್ಟರೆ ಉಳಿದದ್ದನ್ನು ಹೇಳಿ ಉಪಯೋಗವಿಲ್ಲ.

ಕಾಗದಪತ್ರ ಮುಗಿಯುವ ಮೊದಲು ಪರೀಕ್ಷೆಗೆಂದು, ಆ ಮನೆಯ ಲೈಸೆನ್ಸಿನಲ್ಲಿ ಹೆಸರಿದ್ದ ಅಳಿಯನೇ ರೈಫಲ್ ಹಿಡಿದು ಸಾಹುಕಾರರ ಹೊಲಕ್ಕೆ ಬಂದ. ಗುಡ್ಡಕ್ಕೆ ಒರಗಿಸಿ ಒಂದು ಹಲಗೆ ನಿಲ್ಲಿಸಿ ಸುಣ್ಣದ ಚುಕ್ಕೆ ಹಾಕಿದೆವು. ಮರಳಿನ ಚೀಲದ ಮೇಲೆ ಇಟ್ಟು ನೂರು ಗಜದಿಂದ ಮೂರು ಗುಂಡು ಹಾರಿಸಿದೆ. ಮೂರೂ ತೂತುಗಳ ಮೇಲೆ ಒಂದು ಬೆಂಕಿಪೊಟ್ಟಣ ಇಟ್ಟರೆ ಮುಚ್ಚಿಹೋಗುತ್ತಿದ್ದವು. ಮುನ್ನೂರು ಗಜಕ್ಕೆ ಹೋದೆವು. ಅಲ್ಲಿಂದಲೂ ಒಂದು ರೊಟ್ಟಿಯಗಲದೊಳಗೆ ಬಿದ್ದವು.

ಆಮೇಲೆ ಸಾಹುಕಾರರು ಮಲಗಿ ಕಣ್ಣಿಟ್ಟರು. ಬಹಳ ಹೊತ್ತು ಹಲಗೆಯೇ ಸಿಗಲಿಲ್ಲ. ನಾನು ನಳಿಗೆಯನ್ನು ಹಿಡಿದು ತಿರುಗಿಸಿ ಕೊಟ್ಟೆ. ಹಾರಿಸಿದ ಗುಂಡು ಎಡಕ್ಕೆ ಎಷ್ಟೋ ದೂರದ ಬಂಡೆಗೆ ಬಡಿದು ಧೂಳೆಬ್ಬಿಸಿತು.

"ಬಿಸಿಲು ಕಣ್ಣಿಗೆ ಹೊಡೀತೈತಿ," ಅಂದರು.

ಸೂರ್ಯ ನಮ್ಮ ಬೆನ್ನಿಗಿದ್ದ.

ಸಂಜೆ ರಸ್ತೆಗೆ ಬಂದು ನಿಂತಾಗ ಕೊಟ್ಟೂರು ಬಸ್ಸಿಗೆ ಕೈ ಮಾಡಿ, "ಬಂತು ನೋಡ್ರಿ ನಿಮ್ಮ ಹರಪನಹಳ್ಳಿ ಗಾಡಿ," ಅಂದರು. ಬೋರ್ಡಿನ ಅಕ್ಷರಗಳು ಮೊಳದುದ್ದ ಇದ್ದವು. ಅವರ ಬಲಗಣ್ಣನ್ನು ಆಗ ಹತ್ತಿರದಿಂದ ನೋಡಿದೆ. ಪಾಪೆಯ ಮೇಲೆ ಹಾಲು ಚೆಲ್ಲಿದ ಹಾಗೆ ಪೊರೆ ಬಂದಿತ್ತು.

ತೀರ್ಪು ಹೇಳಲು ಮರುವಾರ ಅವರ ಮನೆಗೆ ಹೋದೆ. ಅವರ ತಮ್ಮ ಒಂದು ಮೂಲೆಯಲ್ಲಿ ಮುಖದ ಮೇಲೆ ಟವೆಲ್ ಹೊದ್ದು ಕೂತಿದ್ದ.

"ರೈಫಲ್ ಬಂಗಾರದಂಥಾದ್ದು ಐತ್ರಿ," ಅಂದೆ. "ಆದ್ರ ನಿಮಗ ಬ್ಯಾಡ. ಇದರ ಗುಂಡು ಈ ಕಡಿ ಸಿಗೂದಿಲ್ಲ."

"ಬೆಂಗಳೂರಿಂದ ತರಸ್ತೀನಿ."

"ದುರ್ಬೀನು ಒಂದು ಸಲ ಬಿತ್ತಂದ್ರ ಗುರಿ ಹೋತು."

"ನೀವದೀರಲ್ಲ, ಕೂಡ್ರಸ್ರಿ."

"ಅಷ್ಟು ರೊಕ್ಕದಾಗ ಹೊಲದ ಸುತ್ತ ಗಟ್ಟಿ ಬೇಲಿ ಆಗತೈತಿ."

"ಬೇಲಿ ಹೊಡೀತೈತೇನ್ರಿ ಕರಡೀನ?"

ಟವೆಲಿನ ಒಳಗಿನಿಂದ ತಮ್ಮ ಮಾತಾಡಿದ. ತುಟಿ ಹರಿದಿದ್ದರಿಂದ ಮಾತು ಸೀಳಿಕೊಂಡು ಬರುತ್ತಿತ್ತು. "ಅಣ್ಣ, ನನಗ ಬ್ಯಾಡೋ. ಅದನ್ನ ಹೊಡದ್ರ ನನ್ನ ಮುಖ ತಿರುಗಿ ಬರ್ತೈತೇನು?"

"ನೀ ಸುಮ್ನ ಕೂಡ್ರಲೇ," ಅಂದರು ಸಾಹುಕಾರರು. ಕರಡಿ ಬಿದ್ದ ದಿನ ತಮ್ಮನನ್ನು ಹೊಲಕ್ಕೆ ಕಳಿಸಿದವರು ತಾವೇ ಎಂದು ನನಗೆ ಹಿಂದೊಮ್ಮೆ ಹೇಳಿದ್ದರು.

ನಾನು ಹೇಳಬೇಕಾಗಿದ್ದ ಒಂದೇ ಕಾರಣ ಇನ್ನೂ ನನ್ನ ಬಾಯಲ್ಲಿತ್ತು. ನಿಮಗೆ ಕಣ್ಣು ಕಾಣಿಸುವುದಿಲ್ಲ ಎಂದು ಅವರ ಮನೆಯಲ್ಲಿ, ತಮ್ಮನ ಎದುರಿಗೆ ಹೇಗೆ ಹೇಳಲಿ? "ಒಂದು ಸಲ ಕಣ್ಣು ತೋರಿಸ್ಕೊಂಡು ಬರ್ರಿ," ಅಂದೆ, ಬಹಳ ಮೆತ್ತಗೆ. ಅವರು ನಕ್ಕರು. "ಅದಕ್ಕ ಅಲ್ಲೇನ್ರಿ ದುರ್ಬೀನು?" ನಾನೂ ನಕ್ಕೆ. ಎದ್ದು ಬರುವಾಗ, "ತಗೊಂಡ್ರ ತಗೋರಿ, ಮೋಸ ಇಲ್ಲ," ಅಂದುಬಿಟ್ಟೆ.

ಪರವಾನಗಿ ಬರಲು ಎಂಟು ತಿಂಗಳಾಯಿತು. ರೈಫಲ್ ಬಂತು. ಎರಡು ಸಲ ನನ್ನ ಅಂಗಡಿಗೂ ಬಂತು, ಒರೆಸಿ ಎಣ್ಣೆ ಹಾಕಿ ಕೊಟ್ಟೆ. ಕಣ್ಣಿನ ಮಾತು ಮತ್ತೆ ಎತ್ತಲಿಲ್ಲ.

ಶೇಂಗಾ ಬಲಿಯುವ ಕಾಲ. ಒಂದು ಬೆಳಿಗ್ಗೆ ಆಗಷ್ಟೇ ಬೆಳಕು ಹರಿಯುತ್ತಿದ್ದಾಗ, ಸಾಹುಕಾರರು ಹೊಲಕ್ಕೆ ಅಂಟಿದ ತಮ್ಮ ಮಾಳಿಗೆ ಮನೆಯ ಮೇಲಿನಿಂದ ದುರ್ಬೀನಿನಲ್ಲಿ ಹೊಲದಂಚು ನೋಡಿದರು. ಕರ್ರಗೆ, ಕುಳ್ಳಗೆ ಒಂದು ಆಕಾರ ಕೂತಿತ್ತು, ತೂಗಾಡುತ್ತಿತ್ತು. ಒಂದೇ ಗುಂಡು. ಅವರು ಬದುಕಿನಲ್ಲಿ ಸರಿಯಾಗಿ ಹೊಡೆದ ಗುಂಡು ಬಹುಶಃ ಅದೊಂದೇ.

ಅದು ಕರಿ ಕಂಬಳಿ ಹೊದ್ದು ಕೂತಿದ್ದ ಕುರಿಗಾರ. ಗೊಬ್ಬರಕ್ಕೆಂದು ಪ್ರತಿ ವರ್ಷ ಸಾಹುಕಾರರ ಬೇರೆ ಹೊಲದಲ್ಲಿ ಕುರಿ ಹಿಂಡು ನಿಲ್ಲಿಸುತ್ತಿದ್ದವನು. ಅವರ ಮನೆಯ ಕಟ್ಟೆಯ ಮೇಲೆ ಎಷ್ಟೋ ಸಲ ಉಂಡವನು. ಅವನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ದಾವಣಗೆರೆ ಆಸ್ಪತ್ರೆಯ ದಾರಿ ಹಿಡಿದರು. ಅರ್ಧ ದಾರಿಯಲ್ಲೇ ಜೀವ ಹೋಯಿತು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ಟವೆಲ್ ಹೊದ್ದ ತಮ್ಮ ಎಂದು ಆಮೇಲೆ ಕೇಳಿದೆ.

ಮೂರನೆಯ ದಿನ ಸಾಹುಕಾರರ ಕಡೆಯ ಇಬ್ಬರು ಹಿರಿಯರು ಅಂಗಡಿಗೆ ಬಂದರು. ಒಬ್ಬರು ನನ್ನ ತಂದೆಯ ಗೆಳೆಯರು.

"ಸೇಫ್ಟಿ ಕೆಟ್ಟಿತ್ತು, ತಾನಾ ಹಾರ್ತು ಅಂತ ಹೇಳಿಬಿಡ್ರಿ," ಅಂದರು. "ನಿಮ್ಮ ಮಾತು ನಡೀತೈತಿ. ಹೋದಾವ ಹೋದ. ಇವರನ್ನ ಉಳಸ್ರಿ."

"ನಾನಾ ನೋಡೀನಿ. ಕೆಟ್ಟಿಲ್ಲ ಅದು."

"ಕೆಟ್ಟೈತಿ ಅಂದ್ರ ಯಾರಿಗೆ ಲುಕ್ಸಾನು? ಬಂದೂಕು ಜೈಲಿಗೆ ಹೋಗ್ತೈತೇನು?"

ರಾತ್ರಿಯಿಡೀ ನಿದ್ದೆ ಬರಲಿಲ್ಲ. ಮರುದಿನ ಠಾಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ರೈಫಲಿನಲ್ಲಿ ದೋಷವಿಲ್ಲ ಅಂದೆ. ಹಾರಿಸಿದವರಿಗೆ ಬಲಗಣ್ಣು ಕಾಣುವುದಿಲ್ಲ, ಅದು ನನಗೆ ಕೊಳ್ಳುವ ಮೊದಲೇ ಗೊತ್ತಿತ್ತು ಎಂದೂ ಅಂದೆ. ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿ, "ಗೊತ್ತಿದ್ದೂ ತಗೋರಿ ಅಂದಿರೇನು?" ಎಂದು ಕೇಳಿದರು. ಹೌದು ಎಂದೆ. ಅದನ್ನೂ ಬರೆದುಕೊಂಡರು.

ಆಮೇಲೆ ಅಂಗಡಿಗೆ ಜನ ಬರುವುದು ಕಡಿಮೆಯಾಯಿತು. ಬಂದವರೂ ಕೆಲಸ ಮುಗಿಸಿಕೊಂಡು ಮಾತಿಲ್ಲದೆ ಹೋಗುತ್ತಿದ್ದರು. ಕೇಸು ನಡೆಯುತ್ತಿದ್ದಾಗ ಕೋರ್ಟಿನ ಬೇವಿನ ಮರದ ಕೆಳಗೆ ಕುರಿಗಾರನ ಹೆಂಡತಿ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಅಂದುಕೊಂಡೆ.

"ಬಂದೂಕ ನೋಡಿದೋರು ನೀವೇನ್ರಿ?"

"ಹೌದವ್ವ."

"ಎಷ್ಟು ದೂರದಿಂದ ಹೊಡದಿದ್ರು?"

"ಇನ್ನೂರೈವತ್ತು ಗಜ ಇದ್ದೀತು."

ಅವಳು ಕೋರ್ಟಿನ ಗೇಟಿನಿಂದಾಚೆ ರಸ್ತೆಯ ತುದಿಯವರೆಗೂ ನೋಡಿದಳು, ಅಷ್ಟು ದೂರ ಎಲ್ಲಿಗೆ ಬರುತ್ತದೆ ಎಂದು ಅಳೆಯುವವಳಂತೆ. "ಮುಂಜಾನೆ ಎದ್ರ ಕೆಮ್ಮು ಅವನಿಗೆ. ಒಂದ ಸಮನ ಕೆಮ್ಮತಿದ್ದ. ಸಮೀಪ ಇದ್ದಿದ್ರ ಕೇಳಸ್ತಿತ್ತು, ಅಲ್ಲೇನ್ರಿ?"

ಅವಳು ಸೆರಗು ಸರಿಮಾಡಿಕೊಂಡು ಹೋದಳು.

ಸಾಹುಕಾರರು ತೀರ್ಪು ಬರುವ ಮೊದಲೇ ತೀರಿಕೊಂಡರು. ಕೊನೆಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲವಂತೆ, ಆಪರೇಷನ್ನಿಗೆ ಒಪ್ಪಲೇ ಇಲ್ಲವಂತೆ. ಅವರ ತಮ್ಮ ಆ ಹೊಲವನ್ನು ಬಿತ್ತದೆ ಪಡ ಬಿಟ್ಟ. ನಾನು ಎರಡು ಸಾವಿರದ ನಂತರ ಅಂಗಡಿ ಮುಚ್ಚಿ, ಲೈಸೆನ್ಸ್ ವಾಪಸು ಕೊಟ್ಟೆ. ಈಗಲೂ ಯಾರಾದರೂ ಹುಡುಕಿಕೊಂಡು ಬಂದು, ಇಂಥ ಬಂದೂಕು ಕೊಳ್ಳಬಹುದೇ ಎಂದು ಕೇಳುವುದುಂಟು. ನನಗೆ ಅದು ತಿಳಿಯುವುದಿಲ್ಲ ಎಂದು ಹೇಳಿ ಕಳಿಸುತ್ತೇನೆ.