ಬಾದನಹಟ್ಟಿಗೆ ಬಂದ ರಂಗೂನಿನ ನೀಲಮ್ಮ

ಅದು ೧೯೬೬. ೬೫ ಇದ್ದರೂ ಇರಬಹುದು. ಆಗಿನ ನನ್ನ ದಿನಚರಿಯಲ್ಲಿ ಬಿಸಿಲಿನ ಬಗ್ಗೆ ಇರುವಷ್ಟು ಕೆಲಸದ ಬಗ್ಗೆ ಇಲ್ಲ. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಪುನರ್ವಸತಿ ಸಹಾಯಕಿಯಾಗಿ ಬಳ್ಳಾರಿಗೆ ಬಂದಿದ್ದೆ. ಸತ್ಯನಾರಾಯಣಪೇಟೆಯಲ್ಲಿ ಬಾಡಿಗೆ ಕೋಣೆ. ಬರ್ಮಾದಲ್ಲಿ ಅಂಗಡಿ, ಗಿರಣಿಗಳು ಸರ್ಕಾರದ ಪಾಲಾಗಿ, ಅಲ್ಲಿದ್ದ ನಮ್ಮವರು ಹಡಗಿನಲ್ಲಿ ಮದ್ರಾಸಿಗೆ ಬಂದಿಳಿಯುತ್ತಿದ್ದ ಕಾಲ. ಅವರನ್ನು ಕಚೇರಿಯಲ್ಲಿ ‘ರಿಪೇಟ್ರಿಯೇಟ್’ ಎನ್ನುತ್ತಿದ್ದೆವು, ಅಂದರೆ ಸ್ವದೇಶಕ್ಕೆ ಮರಳಿದವರು. ಬಂಧುಗಳು ಒಪ್ಪಿದರೆ ಬಂಧುಗಳ ಮನೆ, ಇಲ್ಲವಾದರೆ ಸರ್ಕಾರದ ಕಾಲೋನಿ. ಯಾವುದೆಂದು ವಿಚಾರಿಸಿ ವರದಿ ಕೊಡುವುದು ನನ್ನ ಕೆಲಸ.

ನೀಲಮ್ಮ ನಿಜಕ್ಕೂ ಮರಳಿದವಳಲ್ಲ. ಹುಟ್ಟಿದ್ದೇ ರಂಗೂನಿನಲ್ಲಿ, ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ ಈ ದೇಶವನ್ನು ಮೊದಲ ಸಲ ನೋಡುತ್ತಿದ್ದಳು. ತಂದೆ ಬಾದನಹಟ್ಟಿಯವರು. ಚಿಕ್ಕ ವಯಸ್ಸಿನಲ್ಲೇ ರಂಗೂನಿನ ಅಕ್ಕಿ ಗಿರಣಿಗೆ ದುಡಿಯಲು ಹೋಗಿ ಅಲ್ಲೇ ತೀರಿಕೊಂಡಿದ್ದರು. ಮಗಳಿಗೆ ಕನ್ನಡವನ್ನೂ ಊರಿನ ಕಥೆಗಳನ್ನೂ ಬಿಟ್ಟುಹೋಗಿದ್ದರು. ಊರಲ್ಲಿ ಉಳಿದಿದ್ದವರು ಅವರ ತಮ್ಮ ಚನ್ನಬಸಪ್ಪ.

ಅವಳನ್ನು ಬಾದನಹಟ್ಟಿಗೆ ಕರೆದೊಯ್ಯುತ್ತಿದ್ದ ಕಚೇರಿಯ ಜೀಪು ಕುರುಗೋಡು ದಾಟುವಾಗ ಅವಳು ಕಲ್ಲುಗುಡ್ಡವನ್ನೇ ನೋಡುತ್ತಿದ್ದಳು.

“ಅಪ್ಪ ಹೇಳ್ತಿದ್ದ ಗುಡ್ಡ ಇನ್ನೂ ದೊಡ್ಡದಿತ್ರಿ.”

“ದೂರ ಕುಂತು ಹೇಳಿದ್ರ ಎಲ್ಲಾ ದೊಡ್ಡದೇ ತಂಗಿ,” ಎಂದ ಡ್ರೈವರ್ ಖಾದರ್ ಸಾಬ್. “ನಮ್ಮಪ್ಪ ನಮ್ಮ ಮನೀನ ಅರಮನಿ ಅಂತಿದ್ದ.”

ಅವಳು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, “ಗುಡ್ಡ ಹೋಗ್ಲಿ ಬಿಡ್ರಿ. ನಮ್ಮ ದೇಶದಾಗ ಬಂದೋರನ್ನ ಯಾಕ ಬಂದಿ ಅಂತ ಯಾರೂ ಕೇಳಂಗಿಲ್ಲ, ಮೊದಲು ನೀರು ಕೊಡ್ತಾರ ಅಂತಿದ್ದ. ಅದೊಂದು ಖರೆ ಇದ್ರ ಸಾಕು,” ಎಂದಳು.

ಅದು ಖರೆಯೇ ಆಗಿತ್ತು. “ಇವರು ನಿಮ್ಮಣ್ಣನ ಮಗಳು,” ಎಂದು ನಾನು ಹೇಳಿದಾಗ ಚನ್ನಬಸಪ್ಪ ಒಂದು ಗಳಿಗೆ ಅವಳ ಮುಖ ನೋಡಿ, “ಬರ್ರಿ, ಕೈಕಾಲು ತೊಳ್ಕೊರ್ರಿ,” ಎಂದರು. ಅವರ ಹೆಂಡತಿ ನೀರು ತಂದರು. ನೀಲಮ್ಮನನ್ನು ಬಿಟ್ಟು ನಾನು ಬಳ್ಳಾರಿಗೆ ಹಿಂತಿರುಗಿದೆ.

ಕೆಲವು ದಿನಗಳ ಮೇಲೆ ಹೋದರೆ ಅವಳು ಚೀಲ ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದಳು.

“ಕಾಲೋನಿಗೆ ಕರ್ಕೊಂಡು ಹೋಗ್ರಿ. ಇಲ್ಲಿ ಯಾರಿಗೂ ನಾನು ಬೇಡ.”

“ಏನಾದರೂ ಅಂದರೇ?”

“ಅನ್ನಲಿಲ್ಲ, ಕೇಳ್ಲೂ ಇಲ್ಲ. ಅಪ್ಪ ಹೆಂಗ ಸತ್ತ ಅಂತ ಸುದ್ದಾ ಕೇಳ್ಲಿಲ್ರಿ. ಎರಡು ಹೊತ್ತು ತುಪ್ಪ ಹಾಕ್ತಾರ, ಅಷ್ಟ.”

ನಾನು ಒಳಗೆ ಹೋಗಿ ಚನ್ನಬಸಪ್ಪನವರನ್ನು ನೇರವಾಗಿ ಕೇಳಿದೆ: “ಇವರನ್ನು ಇಟ್ಟುಕೊಳ್ಳುತ್ತೀರಾ, ಇಲ್ಲವಾ?”

“ಮೈಸೂರಾಗ ಹಿಂಗ ಕೇಳ್ತಾರೇನ್ರಿ?” ಎಂದರು ಅವರು. “ಬಂದೋರನ್ನ ಎಷ್ಟ್ ದಿನ ಇರ್ತಿ ಅಂತ ಕೇಳಿದ್ರ ಹೊರಡು ಅಂದಂಗ. ಅಕಿ ತಾನ ಬಾಯಿ ಬಿಡ್ಲಿ ಅಂತ ನಾವು ಕುಂತೀವಿ. ನೀವು ನೋಡಿದ್ರ ಜ್ವಾಳದ ಚೀಲ ಇಳಿಸ್ಕೊಂತೀರೇನು ಅನ್ನೋಹಂಗ ಕೇಳ್ತೀರಿ.”

ಇದು ಮರ್ಯಾದೆಯೋ, ಅಣ್ಣನ ಪಾಲಿನ ಹೊಲದ ಮಾತು ಎದ್ದೀತೆಂಬ ಅಂಜಿಕೆಯೋ ನನಗೆ ತಿಳಿಯಲಿಲ್ಲ. ಹೊರಗೆ ಬಂದು ಅವರ ಮಾತನ್ನು ನೀಲಮ್ಮನಿಗೆ ಹೇಳಿದೆ.

“ಹಂಗಾರ ಅಪ್ಪ ಸುಳ್ಳು ಹೇಳಿಲ್ಲ. ಆದ್ರ ಅಪ್ಪನ ಸಾವನ್ನೂ ಕೇಳದ ಮನ್ಯಾಗ ಹೆಂಗಿರ್ಲಿ?” ಎಂದಳು. ಹಾಗೆಂದವಳು ಚೀಲ ಎತ್ತಿಕೊಂಡು ಹೋಗಿ ಜೀಪಿನಲ್ಲೇ ಕೂತಳು. ನನಗೆ ಇಬ್ಬರೂ ಅರ್ಥವಾಗಲಿಲ್ಲ.

ಖಾದರ್ ಸಾಬ್ ಎಂಜಿನ್ ಶುರು ಮಾಡಿದ ಮೇಲೆ ಚನ್ನಬಸಪ್ಪ ಜೀಪಿನ ಹತ್ತಿರ ಬಂದರು. ಅದರ ಕಂಬಿ ಹಿಡಿದು, ಅವಳ ಮುಖ ನೋಡದೆ ಕೇಳಿದರು: “ಅಣ್ಣ ಕಡೀಕ ನನ್ನ ಹೆಸರೇನರ ತಗೊಂಡಿದ್ನೇನವ್ವ?”

ನೀಲಮ್ಮ ಏನೋ ಹೇಳಿದಳು. ಎಂಜಿನ್ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಹೌದೆಂದಳು ಎಂದು ಬಹಳ ವರ್ಷ ನಂಬಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ಅವಳು ಇಳಿದದ್ದು ಮಾತ್ರ ನಿಜ. ಖಾದರ್ ಸಾಬ್ ಎಂಜಿನ್ ಆರಿಸಿದ. ಹೊತ್ತು ನೆತ್ತಿಗೇರುವವರೆಗೆ ಅವಳು ಜಗಲಿಯ ಮೇಲೆ ಕೂತು ಅಪ್ಪನ ಕಡೆಯ ದಿನಗಳನ್ನು ಹೇಳಿದಳು, ಚಿಕ್ಕಪ್ಪ ಮೇಲುವಸ್ತ್ರದಲ್ಲಿ ಮುಖ ಒರೆಸಿಕೊಳ್ಳುತ್ತ ಕೇಳಿದರು. ಬಂಧುಗಳು ಒಪ್ಪಿದ್ದಾರೆಂದು ನಾನು ವರದಿ ಕೊಟ್ಟೆ.

ಕಾರ್ತಿಕದಲ್ಲಿ ಮರುಪರಿಶೀಲನೆಗೆ ಹೋದಾಗ ಅವಳು ಆ ಮನೆಯಲ್ಲಿ ಇರಲಿಲ್ಲ. ಸಿರುಗುಪ್ಪದ ಗಿರಣಿಯಲ್ಲಿ ದುಡಿಯುತ್ತಿದ್ದಾಳೆ ಎಂದರು ಮನೆಯವರು. ನನ್ನ ವರದಿ ಸುಳ್ಳಾಯಿತೆಂಬ ಗಾಬರಿಯಲ್ಲೇ ಅಲ್ಲಿಗೆ ಹೋದೆ. ಅಕ್ಕಿ ಗಿರಣಿಯ ಅಂಗಳದಲ್ಲಿ ಅವಳು ಹಬೆಯಾಡುವ ಭತ್ತವನ್ನು ಕಾಲಿನಿಂದ ಹರವುತ್ತಿದ್ದಳು.

“ಮನೆಯಲ್ಲಿ ಜಗಳವಾಯಿತೇ?”

“ಇಲ್ರಿ. ಕಾಕಾನ ಬಂದು ಕೋಣಿ ನೋಡಿಕೊಟ್ಟು ಹೋದ.”

“ಮತ್ತೆ?”

“ಕುದಿಸಿದ ಭತ್ತದ ವಾಸನಿ ರೀ. ರಂಗೂನ್ಯಾಗ ಹಿಂಗ ಇರ್ತಿತ್ತು. ಇಲ್ಲಿ ನಿದ್ದಿ ಬರ್ತೈತಿ.”

“ಬಾದನಹಟ್ಟಿ ಬೇಡವಾಯಿತೇ?”

“ಅದು ಅಪ್ಪನ ದೇಶ. ಹಬ್ಬಕ್ಕ ಹೋಗ್ತೀನಿ.”

ಬಂಧುಗಳ ಮನೆ, ಕಾಲೋನಿ ಎಂಬ ಎರಡರಲ್ಲಿ ಇದನ್ನು ಎಲ್ಲಿ ಸೇರಿಸುವುದೋ ನನಗೆ ತಿಳಿಯಲಿಲ್ಲ. ಸ್ವದೇಶಕ್ಕೆ ಬಂದವಳು ಪರದೇಶದ ವಾಸನೆ ಹಿಡಿದು ನೆಲೆ ನಿಂತಿದ್ದಳು. ಇದನ್ನು ಪುನರ್ವಸತಿ ಎನ್ನಬಹುದೇ ಎಂದು ಮೇಲಿನವರನ್ನು ಕೇಳಲಿಲ್ಲ. ಕೇಳಿದ್ದರೆ ಅವರೂ ಗೊಂದಲಕ್ಕೆ ಬೀಳುತ್ತಿದ್ದರು.

ಆ ಕೆಲಸದಲ್ಲಿ ಇನ್ನೂ ಎಷ್ಟೋ ವರ್ಷ ಇದ್ದೆ. ಯಾರ ಮನೆಯಲ್ಲೂ ‘ಇಟ್ಟುಕೊಳ್ಳುತ್ತೀರಾ’ ಎಂದು ಮತ್ತೆ ಕೇಳಲಿಲ್ಲ. ಜಗಲಿಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ತೀರಿಕೊಂಡವರ ಮಾತು ತೆಗೆಯುತ್ತಿದ್ದೆ. ಉಳಿದದ್ದನ್ನು ಮನೆಯವರೇ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು.