ಕೊಳೆಯದ ಕಿತ್ತಳೆಯನ್ನು ನಂಬದ ಡಾ. ಗ್ರೇಸ್ ಮಥಾಯಸ್

ಕೊಯ್ಲಾದ ಹಣ್ಣಿಗೆ ಬೂಷ್ಟು ಹಿಡಿಯದಂತೆ ಸಸ್ಯಸಾರಗಳಿಂದಲೇ ಕಾಪಾಡಬಹುದೆಂದು ಭಾಷಣ ಮಾಡುವವರು ಹಲವರು. ಹಾಗೆ ಹೇಳುವ ಮುನ್ನ ಹತ್ತು ಸಲ ಪರೀಕ್ಷಿಸುವವರು ವಿರಳ. ಆ ವಿರಳರಲ್ಲಿ ಡಾ. ಗ್ರೇಸ್ ಮಥಾಯಸ್ ಅವರದು ಅಗ್ರಸ್ಥಾನ. ಉಡುಪಿಯ ಕಡೆಯಿಂದ ಮಸ್ಕತ್ತಿಗೂ ಅಲ್ಲಿಂದ ಪತಿ ಅಲ್ವಿನ್ ಅವರೊಡನೆ ಬ್ರಿಸ್ಬೇನಿಗೂ ಬಂದು, ಹಣ್ಣಿನ ರೋಗಗಳ ಸಂಶೋಧನೆಯಲ್ಲೇ ಸೇವಾವಧಿಯನ್ನು ಸವೆಸಿದ ಅವರು ಈ ವರ್ಷ ನಿವೃತ್ತರಾಗುತ್ತಿದ್ದಾರೆ.

ಮೈಸೂರಿನಿಂದ ಅವರ ಬಳಿ ಪಿಎಚ್.ಡಿ.ಗೆಂದು ಬಂದ ನನ್ನನ್ನು ಅವರು ಮೊದಲು ಕರೆದೊಯ್ದದ್ದು ಬ್ರಿಸ್ಬೇನಿನ ಇಂಡೂರೂಪಿಲ್ಲಿ ಬಡಾವಣೆಯ ಅಂಗಡಿಗೆ, ದಪ್ಪ ಸ್ವೆಟರ್ ಕೊಡಿಸಲು. ಆ ಬಿಸಿಲಿನಲ್ಲಿ ಸ್ವೆಟರೇಕೆಂದು ಬೆರಗಾಗಿದ್ದೆ. ಹಣ್ಣಿಡುವ ಶೀತಲ ಕೋಣೆಯನ್ನು ಹೊಕ್ಕ ಮೇಲೆ ತಿಳಿಯಿತು. ಅವರಿಗೆ ಕೋಪ ಮೂಗಿನ ತುದಿಯಲ್ಲೇ. ಚೀಟಿ ಅಂಟಿಸದ ಪೆಟ್ಟಿಗೆ ಕಂಡರಂತೂ ಮುಗಿಯಿತು!

ಲವಂಗದ ಎಣ್ಣೆಯಿಂದ ಕಿತ್ತಳೆಯ ಹಸಿರು ಬೂಷ್ಟನ್ನು ತಡೆಯುವುದು ನನ್ನ ಸಂಶೋಧನೆಯ ವಿಷಯ. ಎಣ್ಣೆ ನಿಷ್ಪ್ರಯೋಜಕವೆಂದಾದರೆ ಅನುದಾನ ನಿಂತು, ಯೋಜನೆಯೂ ನನ್ನ ಪದವಿಯೂ ಅಲ್ಲಿಗೇ ಮುಗಿಯುತ್ತಿದ್ದವು. ಹಣ್ಣುಗಳಿಗೆ ಗೀರು ಹಾಕಿ ಬೂಷ್ಟು ತಗುಲಿಸಿ, ಅರ್ಧದಷ್ಟನ್ನು ಎಣ್ಣೆಯ ದ್ರಾವಣದಲ್ಲಿ ಅದ್ದಿ, ಉಳಿದರ್ಧವನ್ನು ಹೋಲಿಕೆಗಾಗಿ ಹಾಗೆಯೇ ಇಟ್ಟಿದ್ದೆವು. ಪೆಟ್ಟಿಗೆ ತೆರೆದರೆ ಎರಡೂ ಬಗೆಯವು ಕೊಳೆತಿರಲಿಲ್ಲ! ಅದ್ದದ ಹಣ್ಣೂ ಚೆನ್ನಾಗಿದ್ದ ಮೇಲೆ ಎಣ್ಣೆಯ ಗುಣವನ್ನು ತೋರಿಸುವುದು ಹೇಗೆ? ನನಗೆ ಅಳುವೇ ಬಂತು. ಮೇಡಂ ಅದ್ದದ ಹಣ್ಣೊಂದನ್ನು ಮೂಸಿ ನೋಡಿದರು.

"ಎಂತ ಕವನಾ, ಇದಕ್ಕೂ ಲವಂಗದ ಪರಿಮಳ ಉಂಟಲ್ಲ!"

"ಎರಡನ್ನೂ ಒಂದೇ ರೂಮಲ್ಲಿ ಇಟ್ಬಿಟ್ಟಿದ್ವಲ್ಲ, ಮೇಡಂ."

"ಇಡ್ಲಿಕ್ಕೆ ಹೇಳಿದ್ದು ನಾನೇ. ಎಣ್ಣೆಯ ಆವಿ ಇಡೀ ರೂಮಿಗೆ ಹಬ್ಬಿದೆ ಮಾರಾಯ್ತಿ."

ಅನುದಾನ ಕೊಟ್ಟ ಬೆಳೆಗಾರರ ಸಭೆ ಅಡಿಲೇಡಿನಲ್ಲಿತ್ತು. ಅಧ್ಯಕ್ಷ ಕ್ರೇಗ್ ನನ್ನ ಕಡೆ ತಿರುಗಿ, ಇಷ್ಟು ಸಣ್ಣ ವಿಷಯವೂ ತಿಳಿಯಲಿಲ್ಲವೇ ಎಂದು ಗದರಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಎದ್ದು ನಿಂತು, ತಪ್ಪು ತಮ್ಮದು, ವಿದ್ಯಾರ್ಥಿನಿಯದಲ್ಲ ಎಂದರು. ಬೇರೆ ಬೇರೆ ಕೋಣೆಗಳಲ್ಲಿ ಮತ್ತೆ ಮಾಡುತ್ತೇವೆ, ಆಗಲೂ ವ್ಯತ್ಯಾಸ ಕಾಣದಿದ್ದರೆ ಯೋಜನೆಯನ್ನು ನಿಲ್ಲಿಸಿಬಿಡಿ ಎಂದು ಇಂಗ್ಲಿಷಿನಲ್ಲಿ ಖಡಾಖಂಡಿತವಾಗಿ ಹೇಳಿದರು. ಸಭೆ ಒಪ್ಪಿತು.

ಮರುಪ್ರಯೋಗದಲ್ಲಿ ಅದ್ದದ ಹಣ್ಣುಗಳು ಹಸಿರು ಬೂಷ್ಟು ಹಿಡಿದು ನಾರುತ್ತಿದ್ದವು. ಅದ್ದಿದವು ಬಹುಪಾಲು ಗಟ್ಟಿಯಾಗಿದ್ದವು. ಕೊಳೆತ ಹಣ್ಣಿನ ಮುಂದೆ ಇಬ್ಬರೂ ತಬ್ಬಿಕೊಂಡು ಕುಣಿದೆವು. ಅದ್ದುವ ಬದಲು ಆವಿಯೊಂದೇ ಸಾಕಾದೀತೇ ಎಂಬ ಪ್ರಶ್ನೆಯೂ ಆ ಮೊದಲ ಎಡವಟ್ಟಿನಿಂದಲೇ ಹುಟ್ಟಿ, ನನ್ನ ಪ್ರಬಂಧದ ತಿರುಳಾಯಿತು. ಎಡವಟ್ಟಿನ ಪ್ರಸಂಗವನ್ನು ನಾನು ಜಾಣತನದಿಂದ ಬಿಟ್ಟು ಬರೆದಾಗ, ಮೇಡಂ ಹಾಳೆಗಳನ್ನು ಹಿಂದಿರುಗಿಸಿದರು. "ಅದನ್ನೂ ಬರಿ. ನನ್ನ ಹೆಸರು ಹಾಕಿಯೇ ಬರಿ."

ಈಗವರು ಮಗಳು ಮೆಲನಿಯ ಬಳಿಯಿರಲೆಂದು ಪರ್ತಿನ ಕ್ಯಾನಿಂಗ್ ವೇಲ್‌ಗೆ ಹೊರಟಿದ್ದಾರೆ. ಅಲ್ಲಿ ಗ್ಯಾರೇಜು ಆಗಲೇ ಸ್ಟ್ರಾಬೆರಿ ಪ್ರಯೋಗಕ್ಕೆ ಮೀಸಲಾಗಿದೆಯೆಂದೂ ತಮ್ಮ ಕಾರಿಗೆ ಬೀದಿಯೇ ಗತಿಯೆಂದೂ ಅಲ್ವಿನ್ ಅಂಕಲ್ ಗೊಣಗುತ್ತಿದ್ದಾರೆ. ಮೇಡಂಗೆ ದೀರ್ಘಾಯುಸ್ಸೂ ಆರೋಗ್ಯವೂ ಕೈತುಂಬ ಕೆಲಸವೂ ಇರಲಿ. ನಾವು ತಪ್ಪಿದಾಗ ಬೈಯಲು, ತಾವು ತಪ್ಪಿದಾಗ ನಮ್ಮ ಮುಂದೆ ಎದ್ದು ನಿಂತು ಒಪ್ಪಿಕೊಳ್ಳಲು, ಅವರು ಬಹುಕಾಲ ನಮ್ಮೊಡನಿರಲಿ.